ನೆಲಮಾಳಿಗೆಯ ಸೂರ್ಯ, ಬೆಟಗೇರಿಯ ಹಪ್ಪಳ

ಬೆಟಗೇರಿ, ಹೊರಟ ದಿನ

ಐದಕ್ಕೆ ಎದ್ದೆ. ನಾಲ್ಕು ದಿನಕ್ಕೊಮ್ಮೆ ಬರುವ ನಳ ಅಂದು ಬಂದಿತ್ತು. ಹಂಡೆ, ಎರಡು ಕೊಡ, ಮೂರು ಬಕೆಟ್ ತುಂಬಿದೆ. ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಎಮ್ಮೆಯನ್ನು ತಂಗಿಯ ಮನೆಗೆ ಹೊಡೆದುಕೊಂಡು ಹೋಗಿ ಕಟ್ಟಿ ಬಂದೆ. ನಲವತ್ತು ಜೋಳದ ರೊಟ್ಟಿ ಬಡಿದು ಒಣಗಿಸಿ ಬಿಳಿ ಅರಿವೆಯಲ್ಲಿ ಕಟ್ಟಿದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ ಡಬ್ಬಿಗೆ ತುಂಬಿದೆ. ಶಿರಹಟ್ಟಿಯ ತವರುಮನೆಯ ಹುಣಸೆಹಣ್ಣು ಒಂದು ಮುದ್ದೆ ಬೇರೆ ಕಟ್ಟಿದೆ. ಮಾಳಿಗೆ ಹತ್ತಿ ಹಪ್ಪಳ ತಿರುವಿ ಹಾಕಿದೆ. ಒಂಬತ್ತಕ್ಕೆ ಗುಳ್ಳೆ ಎಣಿಸಿದೆ: ನಿಮಿಷಕ್ಕೆ ಹದಿನಾಲ್ಕು. ಬರೆದಿಟ್ಟೆ. ಬಿಲ್ಲೆಯನ್ನು ಜಾಡಿಯಿಂದ ತೆಗೆದು ನೀರು ಜಾಡಿಸಿ ಕೌದಿಯಲ್ಲಿ ಸುತ್ತಿದೆ. ಬೀಗ ಹಾಕಿದೆ. ಒಲೆ ಆರಿದೆಯೋ ಇಲ್ಲವೋ ಎಂದು ಮತ್ತೆ ಬೀಗ ತೆಗೆದು ನೋಡಿದೆ. ಆರಿತ್ತು.

ಗುಳ್ಳೆ ಎಣಿಸುವುದೆಂದರೇನು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಗದಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಎಪ್ಪತ್ತರ ದಶಕದಲ್ಲಿ ಸ್ಟೋವಿನ ಚಿಮಣಿ ಎಣ್ಣೆ ಸಿಗುವುದು ದುರ್ಲಭವಾಗಿತ್ತಲ್ಲ, ಆಗ ಒಂದು ದಿನ ಇವರು ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು ಖಾಲಿ ಡಬ್ಬಿ ಹಿಡಿದು ಮನೆಗೆ ಬಂದರು. ಚಹಾ ಕೇಳಿದರು. ಎಣ್ಣೆ ಇಲ್ಲದೆ ಚಹಾ ಎಲ್ಲಿಂದ ಬರಬೇಕು. ಒಂದು ತಾಸು ಸುಮ್ಮನೆ ಕೂತಿದ್ದು, "ನೀರನ್ನ ಉರಿಸ್ತೀನಿ ನೋಡು" ಅಂದರು. ಬಿಸಿಲು ತಲೆಗೆ ಏರಿದೆ ಎಂದುಕೊಂಡು ಮಜ್ಜಿಗೆ ಕೊಟ್ಟೆ.

ಆದರೆ ಅದು ನಿಜವೇ ಇತ್ತು. ನೀರಿನಲ್ಲಿ ಹೈಡ್ರೋಜನ್ ಇದೆಯಂತೆ, ಅದು ಉರಿಯುತ್ತದಂತೆ, ಬಿಸಿಲಿನಿಂದ ಅದನ್ನು ಬಿಡಿಸಬಹುದಂತೆ. ಅದಕ್ಕೆ ಅಂಗೈ ಅಗಲದ ಒಂದು ಮಣ್ಣಿನ ಬಿಲ್ಲೆ ಮಾಡಿಸಿದರು. ಅದರ ಮೇಲೆ ಮುಂಡರಗಿಯ ಬಣ್ಣದ ಅಂಗಡಿಯಿಂದ ತಂದ ಬಿಳಿ ಪುಡಿಯ ಲೇಪ. ಅದರ ಮೇಲೆ ತಾಮ್ರ ಮತ್ತು ನಿಕ್ಕಲ್ ಕೂಡಿಸಿ ಕರಗಿಸಿದ ಮಿಶ್ರಲೋಹದ ತೆಳು ಪುಡಿ. ನೀರಿನ ಜಾಡಿಯಲ್ಲಿ ಮುಳುಗಿಸಿ ಮಾಳಿಗೆಯ ಮೇಲಿಟ್ಟರೆ, ಬಿಸಿಲು ಬಿದ್ದೊಡನೆ ಬಿಳಿ ಪುಡಿ ಎಚ್ಚರಗೊಳ್ಳುತ್ತದೆ. ಮಿಶ್ರಲೋಹ ಹೈಡ್ರೋಜನ್ನನ್ನು ಜೋಡಿಸಿ ಗುಳ್ಳೆ ಮಾಡಿ ಮೇಲೆ ಕಳಿಸುತ್ತದೆ. ತಾನು ಸವೆಯುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವರ ಹಾಗೆ, ಎಲ್ಲರೂ ಉಂಡು ಎದ್ದರೂ ಅವರು ಬಡಿಸುತ್ತಲೇ ಇರುತ್ತಾರೆ.

ಲೋಹ ಕರಗಿಸಿ ಬಿಲ್ಲೆಗೆ ಹತ್ತಿಸಿಕೊಟ್ಟವರು ಲಕ್ಷ್ಮೇಶ್ವರದ ಖಾದರಸಾಬರು. ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಮನೆತನದ ಕೆಲಸ. ಬಿಲ್ಲೆ ಕೊಡುವಾಗ, "ನನ್ನ ಕೈಯಾಗ ಹತ್ತಿದ್ದು ತಿಕ್ಕಿದರೂ ಹೋಗಾಂಗಿಲ್ರಿ ಅಕ್ಕಾರ" ಎಂದು ನನಗೆ ಹೇಳಿದ್ದರು.

ಇವರು ಕಾಲೇಜಿಗೆ ಹೋದ ಮೇಲೆ ಗುಳ್ಳೆ ಎಣಿಸುವ ಕೆಲಸ ನನ್ನದು. ಹೇಗೂ ಮಾಳಿಗೆಯ ಮೇಲೆ ಹಪ್ಪಳ ಕಾಯುತ್ತಿದ್ದೆ. ಒಂದೇ ವಹಿಯಲ್ಲಿ ಎರಡನ್ನೂ ಬರೆದೆ. "ಹತ್ತು ಗಂಟೆ. ಗುಳ್ಳೆ ಹದಿನಾರು. ಹಪ್ಪಳ ಒಂದು ಮಗ್ಗಲು ಒಣಗಿದೆ." "ಎರಡೂವರೆ. ಮೋಡ. ಗುಳ್ಳೆ ಮೂರು. ಹಪ್ಪಳ ಒಳಗೆ ತಂದೆ." ಹೀಗೆ ಏಳು ವರ್ಷ, ಹದಿನಾಲ್ಕು ವಹಿ.

ಇವರು ಅದನ್ನೆಲ್ಲ ಇಂಗ್ಲಿಷಿಗೆ ಇಳಿಸಿ, ಹಪ್ಪಳವನ್ನೂ ಬಿಡದೆ, ಹೊರದೇಶದ ಪತ್ರಿಕೆಗೆ ಕಳಿಸಿದರು. ಬರೆದವರ ಜಾಗದಲ್ಲಿ ಮೂರು ಹೆಸರು: ಇವರದು, ಖಾದರಸಾಬರದು, ನನ್ನದು. ಬರೀ ನೀರು ಮತ್ತು ಬಿಸಿಲಿನಿಂದ ಹೈಡ್ರೋಜನ್ ಬಂತು ಎಂಬುದು ಅದರ ಸಾರ. ಪಶ್ಚಿಮ ಜರ್ಮನಿಯ ಒಬ್ಬ ಪ್ರೊಫೆಸರರು ಅದನ್ನು ಓದಿ ತಾವೂ ಬಿಲ್ಲೆ ಮಾಡಿ ಒಂದು ವರ್ಷ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಮೂವರಿಗೂ ಟಿಕೆಟ್ ಕಳಿಸಿ ಬರೆದರು: ನಿಮ್ಮ ಬಿಲ್ಲೆ, ನಿಮ್ಮ ನೀರು ತನ್ನಿ. ಶುಕ್ರವಾರ ಹದಿನೈದು ವಿಜ್ಞಾನಿಗಳ ಎದುರು ತೋರಿಸಿ. ಗುಳ್ಳೆ ಎದ್ದರೆ ನಂಬುತ್ತೇವೆ. ಏಳದಿದ್ದರೆ ಲೇಖನ ಹಿಂದಕ್ಕೆ ತೆಗೆದುಕೊಳ್ಳಿ.

ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಸುಳ್ಳು ಬರೆದಿದ್ದೆ ಎಂದು ಒಪ್ಪಿದಂತೆ. ಸುಳ್ಳು ಹೇಳಲು ಬಾರದ್ದಕ್ಕೇ ಅರ್ಧ ಬೀಗರನ್ನು ಕಳೆದುಕೊಂಡ ಮನುಷ್ಯ ಇವರು. ಆ ಕಾಗದ ಬಂದ ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣ

ರೈಲು, ಬೊಂಬಾಯಿ, ವಿಮಾನ, ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ವಿಮಾನದಲ್ಲಿ ಖಾದರಸಾಬರು ಊಟದ ಚಮಚೆಯನ್ನು ಉಗುರಿನಿಂದ ಬಾರಿಸಿ, "ಇದಕ್ಕ ಕಲಾಯಿ ಬೇಕಾಗಾಂಗಿಲ್ಲ. ನಮ್ಮ ಕೆಲಸ ಇನ್ನ ಹತ್ತ ವರ್ಷ ಅಷ್ಟ" ಎಂದದ್ದು ಮಾತ್ರ ನೆನಪಿದೆ.

ಇಳಿದ ಮೇಲೆ ಒಬ್ಬ ಅಧಿಕಾರಿ ನಮ್ಮ ಸಾಮಾನು ಬಿಚ್ಚಿಸಿದ. ರೊಟ್ಟಿಯೊಂದನ್ನು ಮೇಜಿಗೆ ಬಡಿದು ಕಿವಿಗೊಟ್ಟು ಕೇಳಿದ. ಆಮೇಲೆ ಉಳಿದ ಮೂವತ್ತೊಂಬತ್ತನ್ನೂ ಬಡಿದ. ಎಲ್ಲಕ್ಕೂ ಒಂದೇ ಸದ್ದು. ಆಮೇಲೆ ನಮ್ಮ ನೀರಿನ ಕ್ಯಾನಿಗೆ ಬಂದ. ಬೆಟಗೇರಿಯ ನೀರು ಸವುಳು. ಅದಕ್ಕೆ ಬಿಲ್ಲೆಗೆ ಮೊದಲಿನಿಂದಲೂ ಹಮ್ಮಿಗಿಯ ಹೊಳೆ ನೀರನ್ನೇ ಬಸ್ಸಿನ ಮೇಲೆ ಹಾಕಿಸಿ ತರಿಸುತ್ತಿದ್ದೆವು. ಅದೇ ನೀರು ಐದು ಲೀಟರ್ ನಮ್ಮ ಜೊತೆ ಬಂದಿತ್ತು.

ಇದೇನೆಂದು ಅಧಿಕಾರಿ ಕೇಳಿದ. ನೀರು ಎಂದರು ಇವರು. ನಮ್ಮ ದೇಶದಲ್ಲಿ ನೀರಿಲ್ಲವೆಂದು ಯಾರು ಹೇಳಿದರು ಎಂದು ಕೇಳಿದ. ಇದರಿಂದ ಉರಿಯುವ ಗ್ಯಾಸ್ ಮಾಡುತ್ತೇವೆ ಎಂದರು ಇವರು. ಅಷ್ಟಕ್ಕೆ ನಾವು ಮೂವರೂ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಒಂದೂವರೆ ತಾಸು ಕೂತೆವು.

"ನೀರು ಅಂತ ಹೇಳಿ ಸುಮ್ಮನಾಗಿದ್ರ ಆಗ್ತಿರಲಿಲ್ಲೇನ್ರಿ?" ಎಂದೆ.

"ಕೇಳಿದ್ದಕ್ಕ ಖರೆ ಹೇಳಬಾರದೇನ?"

"ಖರೇನ ಹೇಳಬೇಕ್ರಿ ಸರ," ಎಂದರು ಖಾದರಸಾಬರು. "ಆದ್ರ ಅರ್ಧಾ ಸಾಕಾಗಿತ್ತು."

ಕೊನೆಗೆ ಖಾದರಸಾಬರೇ ಎದ್ದು ಕ್ಯಾನಿನ ಮುಚ್ಚಳ ತೆಗೆದು ಗಟಗಟ ಕುಡಿದರು. "ಹಮ್ಮಿಗಿ ಹೊಳಿ ನೀರ್ರಿ ಸಾಹೇಬ್ರ. ಇದರಾಗ ಬ್ಯಾಳಿ ಛಲೋ ಬೇಯ್ತಾವ," ಎಂದು ಅಧಿಕಾರಿಗೆ ಕನ್ನಡದಲ್ಲಿ ವಿವರಿಸಿದರು. ಅಧಿಕಾರಿ ಗಡಿಯಾರ ನೋಡುತ್ತ ಹದಿನೈದು ನಿಮಿಷ ಅವರ ಎದುರು ಕುಳಿತ. ಅವರಿಗೆ ಏನೂ ಆಗಲಿಲ್ಲ, ಒಂದು ತೇಗು ಬಂತು ಅಷ್ಟೆ. ನಮ್ಮನ್ನು ಬಿಟ್ಟ.

ಶನಿವಾರ, ಭಾನುವಾರ: ಎಲ್ಜಾಬಾಯಿಯ ಮನೆ

ಪ್ರೊಫೆಸರರ ಊರಿನಲ್ಲಿ ನಮಗೆ ಒಂದು ಮೂರಂತಸ್ತಿನ ಮನೆಯಲ್ಲಿ ಎರಡು ಕೋಣೆ ಗೊತ್ತುಮಾಡಿದ್ದರು. ಮನೆಯೊಡತಿಯ ಹೆಸರು ಎಲ್ಜೆ. ಅರವತ್ತು ದಾಟಿದ ಗಟ್ಟಿ ಹೆಂಗಸು. ಅಲ್ಲಿ ಹೆಂಗಸರ ಹೆಸರಿಗೆ ಮುಂದೆ ಫ್ರಾವ್ ಎಂದು ಹಚ್ಚುತ್ತಾರೆ, ನಾವು ಹಿಂದೆ ಬಾಯಿ ಎಂದು ಹಚ್ಚುವ ಹಾಗೆ. ನನ್ನ ನಾಲಿಗೆಗೆ ಎಲ್ಜಾಬಾಯಿಯೇ ಸುಲಭವಾಯಿತು. ಅವರೂ ಆ ಹೆಸರಿಗೆ ಓಗೊಡತೊಡಗಿದರು.

ಬಾಗಿಲ ಹಿಂದೆ ಆ ಮನೆಯ ನಿಯಮಗಳನ್ನು ಅಂಟಿಸಿದ್ದರು. ಇಪ್ಪತ್ತೆರಡು. ಕಸದ ಡಬ್ಬಿ ಯಾವಾಗ ಹೊರಗಿಡಬೇಕು, ಕಿಟಕಿ ಎಷ್ಟು ಹೊತ್ತು ತೆರೆಯಬೇಕು, ಎಲ್ಲ ಇತ್ತು. ಭಾನುವಾರ ನಾನು ಸೀರೆ ಒಗೆದು ಕಿಟಕಿಯಿಂದ ಕೆಳಗೆ ಇಳಿಬಿಟ್ಟೆ. ಅದು ಕೆಳಗಿನ ಮನೆಯ ಕಿಟಕಿಯನ್ನೂ ದಾಟಿ ಎಲ್ಜಾಬಾಯಿಯ ಕಿಟಕಿಯವರೆಗೆ ಇಳಿಯಿತು. ಅವರು ಮೇಲೆ ಬಂದು, ಸೀರೆಯನ್ನು ತೋರಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಯನ್ನು ತೋರಿಸಿ, ತಲೆ ಅಲ್ಲಾಡಿಸಿದರು. ಭಾನುವಾರ ಅರಿವೆ ಒಣಹಾಕುವಂತಿಲ್ಲ. ನಾವು ಅಮಾವಾಸ್ಯೆಯ ದಿನ ಬೇಸಾಯ ಹೂಡುವುದಿಲ್ಲವಲ್ಲ, ಹಾಗೇ ಇರಬೇಕೆಂದು ಒಳಗೆ ಎಳೆದುಕೊಂಡೆ. ಸಂಜೆ ಅವರೇ ತಣ್ಣನೆಯ ಬ್ರೆಡ್ಡು, ಸೌತೆಕಾಯಿಯ ಉಪ್ಪಿನಕಾಯಿ ತಂದುಕೊಟ್ಟರು. ಅಲ್ಲಿ ರಾತ್ರಿ ಒಲೆ ಹಚ್ಚುವುದಿಲ್ಲ. ಚಿಮಣಿ ಎಣ್ಣೆಯ ತ್ರಾಸೇ ಇಲ್ಲದ ಜನ ಅಡುಗೆಯನ್ನೇ ಮಾಡುವುದಿಲ್ಲ ಎನ್ನುವುದು ನನಗೆ ಬಹಳ ಹೊತ್ತು ಅರಗಲಿಲ್ಲ.

ಸೋಮವಾರ: ಸೂರ್ಯನ ಗುಂಡಿ

ಸೋಮವಾರ ಹೊರಗೆ ಬೆಳ್ಳಗೆ ಬಿಸಿಲು ಬಿದ್ದಿತ್ತು. ಪ್ರೊಫೆಸರರು ನಮ್ಮನ್ನು ಕರೆದುಕೊಂಡು ಆ ಬಿಸಿಲನ್ನು ದಾಟಿ, ಪ್ರಯೋಗಾಲಯದ ನೆಲಮಾಳಿಗೆಗೆ ಇಳಿಸಿ, ಬಾಗಿಲು ಮುಚ್ಚಿ, ಕತ್ತಲೆ ಮಾಡಿ, ಒಂದು ಗುಂಡಿ ಒತ್ತಿದರು. ದೊಡ್ಡ ದೀಪ ಹತ್ತಿತು. ಸೂರ್ಯನ ಬೆಳಕೇ ಅದು, ಅಳೆದು ಮಾಡಿದ್ದು, ಮೋಡ ಬರುವುದಿಲ್ಲ ಎಂದರು.

ಖಾದರಸಾಬರು ಅದರ ಕೆಳಗೆ ಕೈ ಹಿಡಿದರು. "ಸರ, ಸೂರ್ಯಾ ಹೊರಗ ಪುಕ್ಕಟ ಐತಲ್ಲ. ಇದನ್ನ ಯಾಕ ಹಚ್ಚಿದ್ರು?"

"ಹೊರಗಿಂದು ಅಳತಿಗೆ ಸಿಗಾಂಗಿಲ್ಲಂತ."

"ಬೆಟಗೇರ್ಯಾಗ ಅಕ್ಕಾರ ಬೆರಳ ಮ್ಯಾಲ ಅಳದಾರಲ್ರಿ."

ಪ್ರೊಫೆಸರರು ಎತ್ತರದ, ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಇವರು ಅನುವಾದಿಸಿದ್ದನ್ನು ಕೇಳಿ ಅದನ್ನೂ ಬರೆದುಕೊಂಡರು. ಬಿಲ್ಲೆಯನ್ನು ಕೌದಿಯಿಂದ ತೆಗೆದು, ಹೊಳೆನೀರಿನ ಗಾಜಿನ ಜಾಡಿಯಲ್ಲಿ ಇಟ್ಟು, ಮೇಲೆ ಗಾಜಿನ ಕೊಳವೆ ಬೋರಲು ಹಾಕಿದರು. ನನಗೆ ಇವರು ಊರಲ್ಲೇ ತಾಕೀತು ಮಾಡಿದ್ದರು: "ಅಲ್ಲಿ ನೀ ಏನೂ ಮುಟ್ಟಬ್ಯಾಡ. ಎಣಸು ಅಷ್ಟ." ಎಣಿಸಲು ಕುರ್ಚಿ ಹಾಕಿಸಿಕೊಂಡು ಕೂತೆ.

ಗುಳ್ಳೆ ಎದ್ದಿತು. ಒಂದು, ಎರಡು, ಐದು. ಇವರು ನನ್ನ ಕುರ್ಚಿಯ ಬೆನ್ನು ಹಿಡಿದಿದ್ದರು. ಖಾದರಸಾಬರು ಜಾಡಿಯ ಮೇಲೆ ಕಂಬಳಿ ಮುಚ್ಚಿ ನೋಡಲು ಹೇಳಿದರು. ಮುಚ್ಚಿದರೆ ನಿಂತಿತು, ತೆಗೆದರೆ ಮತ್ತೆ ಬಂತು. ಊರಲ್ಲೂ ಹಾಗೇ. ಹನ್ನೊಂದನೆಯ ಗುಳ್ಳೆಯಾದ ಮೇಲೆ ನಿಂತುಹೋಯಿತು. ಕಂಬಳಿ ಇಲ್ಲ, ಮೋಡ ಇಲ್ಲ, ಸೂರ್ಯ ತಲೆಯ ಮೇಲೇ ಉರಿಯುತ್ತಿದೆ, ಗುಳ್ಳೆ ಮಾತ್ರ ಇಲ್ಲ. ಬಿಲ್ಲೆಯನ್ನು ಅವರ ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು ಮತ್ತೆ ಇಟ್ಟರು. ಸಂಜೆಯವರೆಗೆ ಕೂತೆ. ವಹಿಯಲ್ಲಿ ಸೊನ್ನೆ ಬರೆಯುವುದು ಆವತ್ತೇ ಮೊದಲು.

ಒಂದು ಬಿಲ್ಲೆ ತೊಳೆಯಲು ಮೂರು ಸಲ ನೀರು. ನಮ್ಮಲ್ಲಿ ಅಷ್ಟರಲ್ಲಿ ಎಮ್ಮೆಗೇ ಮೈ ತೊಳೆಯುತ್ತೇವೆ ಎಂದುಕೊಂಡೆ. ಆಗ ಅದರಾಚೆ ಏನೂ ಹೊಳೆಯಲಿಲ್ಲ.

ಮಂಗಳವಾರ: ಹಪ್ಪಳದ ಪರೀಕ್ಷೆ

ಪ್ರೊಫೆಸರರು ಹೇಳಿದ್ದು ಇಷ್ಟು: ಬಿಲ್ಲೆಯ ಮೇಲೆ ಬೆಟಗೇರಿಯಿಂದ ಏನೋ ಅಂಟಿಕೊಂಡು ಬಂದಿತ್ತು, ಹನ್ನೊಂದು ಗುಳ್ಳೆಗೆ ಅದು ತೀರಿತು. ಅದೇನು?

ಹದಿನಾಲ್ಕು ವಹಿಗಳ ಅನುವಾದ ಅವರ ಮೇಜಿನ ಮೇಲಿತ್ತು. ಅದರಲ್ಲಿ ಗುಳ್ಳೆಯ ಪಕ್ಕ ತಪ್ಪದೆ ಇದ್ದದ್ದು ಒಂದೇ. ಅವರು ಕನ್ನಡಕ ಒರೆಸಿಕೊಂಡು ಬಹಳ ಗಂಭೀರವಾಗಿ ನನ್ನನ್ನು ಕೇಳಿದರು: ಹಪ್ಪಳದ ದಪ್ಪ ಎಷ್ಟು?

"ಏನ ಹೇಳ್ಲಿ?" ಎಂದರು ಇವರು.

"ಕೈ ನೋಡಿದ್ರ ತಿಳೀತೈತಿ ಅನ್ರಿ."

"ಹಂಗ ಹೇಳಾಕ ಬರಾಂಗಿಲ್ಲ. ಮಿಲಿಮೀಟರ್‌ನ್ಯಾಗ ಕೇಳಾಕತ್ತಾರ."

ಹೀಗಾಗಿ ಮಂಗಳವಾರ ಪಶ್ಚಿಮ ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ ಹಪ್ಪಳ ಮಾಡಿದೆ. ಅಡರಕಟ್ಟಿಯ ಉದ್ದಿನ ಹಿಟ್ಟು ಇವರ ಹೊಟ್ಟೆಗೆ ಬೇಕಾದೀತೆಂದು ನನ್ನ ಗಂಟಿನಲ್ಲಿತ್ತು. ಬಿಳಿ ಕೋಟು ಹಾಕಿದ ಇಬ್ಬರು ಹಿಟ್ಟು ತೂಗಿದರು. ಖಾದರಸಾಬರು ನಾದಿ, ಕುಟ್ಟಿ, ಎಣ್ಣೆ ಹಚ್ಚಿ ಮೆತ್ತಗೆ ಮಾಡಿದರು. ಲಟ್ಟಣಿಗೆಗೆ ಒಂದು ದಪ್ಪ ಗಾಜಿನ ಕೊಳವೆ ಕೊಟ್ಟರು. ನಾನು ಲಟ್ಟಿಸಿದ್ದನ್ನು ಒಬ್ಬ ಅಳೆಯುವ ಯಂತ್ರದಲ್ಲಿ ಹಿಡಿದು ಅಂಕಿ ಕೂಗುತ್ತಿದ್ದ, ಇನ್ನೊಬ್ಬ ಬರೆಯುತ್ತಿದ್ದ. ಪ್ರೊಫೆಸರರು ತಾವೂ ಒಂದು ಲಟ್ಟಿಸಿದರು. ಅದು ಶ್ರೀಲಂಕಾದ ನಕಾಶೆಯ ಹಾಗೆ ಬಂತು. ಅದನ್ನೂ ಅಳೆದರು.

ಇಪ್ಪತ್ತನಾಲ್ಕು ಹಪ್ಪಳಗಳನ್ನು ನೆಲಮಾಳಿಗೆಯ ಸೂರ್ಯನ ಕೆಳಗೆ, ಬಿಲ್ಲೆಯ ಸುತ್ತ, ನಮ್ಮ ಮಾಳಿಗೆಯಲ್ಲಿ ಇರುವಷ್ಟೇ ದೂರದಲ್ಲಿ ಹರಡಿದೆವು. ಎಲ್ಲರೂ ಸುತ್ತ ನಿಂತರು. ಅರ್ಧ ತಾಸಾದ ಮೇಲೆ ನಾನು ಎದ್ದು ಹಪ್ಪಳ ತಿರುವಿದೆ, ಅದು ವಹಿಯಲ್ಲಿತ್ತು. ಅವರೂ ಗಡಿಯಾರ ನೋಡಿ ಬರೆದುಕೊಂಡರು.

ಹಪ್ಪಳ ಚೆನ್ನಾಗಿ ಒಣಗಿದವು. ಗುಳ್ಳೆ ಸೊನ್ನೆ.

ಬರುವಾಗ ದಾರಿಯಲ್ಲಿ ಇವರು ಒಂದೇ ಮಾತಾಡಿದರು. "ಏಳು ವರ್ಷ ಎಣಿಸಿದ್ದು ಖರೇನ ಇತ್ತಲ್ಲ?"

"ಒಂದೊಂದೂ ಖರೇನ್ರಿ," ಎಂದೆ. ಅದು ನಿಜವೇ ಇತ್ತು. ಅದೇ ನನಗೆ ಬಗೆಹರಿಯದ್ದು.

ಬುಧವಾರ: ಮೆಟ್ಟಿಲಿನ ಪಾಳಿ

ಬುಧವಾರ ಇವರಿಬ್ಬರೂ ಪ್ರಯೋಗಾಲಯಕ್ಕೆ ಹೊರಡುವ ಹೊತ್ತಿಗೆ ನಮ್ಮ ಬಾಗಿಲ ಹಿಡಿಕೆಗೆ ಏನೋ ಬರೆದ ಒಂದು ಸಣ್ಣ ಮರದ ಪಾಟಿ ನೇತಾಡುತ್ತಿತ್ತು. ಇವರು ತಾವು ಕಲಿತಷ್ಟು ಜರ್ಮನ್ ಕೂಡಿಸಿ ಓದಿ ಹೇಳಿದರು: ಈ ವಾರ ಮೆಟ್ಟಿಲು ಒರೆಸುವ ಪಾಳಿ ನಮ್ಮದು. ಮುಗಿದ ಮೇಲೆ ಪಾಟಿಯನ್ನು ಪಕ್ಕದವರ ಬಾಗಿಲಿಗೆ ಹಾಕಬೇಕು. ನಮ್ಮ ವಠಾರದಲ್ಲಿ ಯಾರ ಮುಂದೆ ಕಸ ಬಿದ್ದಿದೆ ಎಂದು ತಿಂಗಳುಗಟ್ಟಲೆ ಜಗಳವಾಗುತ್ತದೆ. ಇಲ್ಲಿ ಒಂದು ಪಾಟಿ ಸುಮ್ಮನೆ ಬಾಗಿಲಿಂದ ಬಾಗಿಲಿಗೆ ನಡೆಯುತ್ತದೆ. ಊರು ಬಿಟ್ಟ ಮೇಲೆ, ಯಾರೂ ಅಳೆಯಲು ನಿಲ್ಲದೆ ನನ್ನ ಕೈಗೆ ಬಂದ ಮೊದಲ ಗೊತ್ತಿದ್ದ ಕೆಲಸ. ಸೆರಗು ಸಿಕ್ಕಿಸಿ ಇಳಿದೆ.

ಖಾದರಸಾಬರು ಪ್ರಯೋಗಾಲಯಕ್ಕೆ ಹೋಗಿ ಸೊನ್ನೆ ನೋಡಲಾರೆ ಎಂದು ಉಳಿದು, ಬಕೆಟ್ ಹೊತ್ತು ಕೊಟ್ಟರು. ಮೂರು ಅಂತಸ್ತು, ಐವತ್ತೊಂದು ಮೆಟ್ಟಿಲು. ಮೆಟ್ಟಿಲ ಪಕ್ಕದ, ಹಿಡಿದು ಇಳಿಯುವ ಹಿತ್ತಾಳೆಯ ಕಂಬಿ ಕರಿ ಹಿಡಿದಿತ್ತು. ಕರಿ ಹಿಡಿದ ತಾಮ್ರ ಹಿತ್ತಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೇಲೆ ಹೋಗಿ ಶಿರಹಟ್ಟಿಯ ಮುದ್ದೆಯಿಂದ ಒಂದು ಹಿಡಿ ಹುಣಸೆಹಣ್ಣು ತಂದು ನೆನೆಸಿ, ಉಪ್ಪು ಹಾಕಿ ತಿಕ್ಕಿದೆ. ಕಂಬಿ ಬಂಗಾರದ ಹಾಗಾಯಿತು.

ಎಲ್ಜಾಬಾಯಿ ಹೊರಗೆ ಬಂದರು. ಕಂಬಿ ನೋಡಿದರು, ನನ್ನ ಕೈಯಲ್ಲಿದ್ದ ಕಂದು ಗೊಜ್ಜು ನೋಡಿದರು, ಮೂಸಿದರು. ಒಳಗೆ ಹೋಗಿ ಒಂದು ವಹಿ ತಂದರು. ಅದರಲ್ಲಿ ವರ್ಷಗಟ್ಟಲೆಯ ತಾರೀಖು, ಯಾರು ಒರೆಸಿದರು, ಯಾವುದರಿಂದ ಒರೆಸಿದರು, ಸಹಿ. ಒಂದೊಂದು ಸಾಲಿಗೆ ಬೆರಳಿಟ್ಟು ಡಬ್ಬಿಗಳನ್ನು ತೋರಿಸಿ ತಿಳಿಸಿದರು: ಸಾಬೂನು, ಸಾಬೂನು, ಸೋಡಾ, ಸಾಬೂನು. ನನ್ನ ಸಾಲಿನಲ್ಲಿ ಅವರು ನಿಂತುಬಿಟ್ಟರು, ಆ ವಸ್ತುವಿಗೆ ಅವರಲ್ಲಿ ಹೆಸರಿಲ್ಲ. ಪೆನ್ನು ನನ್ನ ಕೈಗೆ ಕೊಟ್ಟು ನೀನೇ ಬರೆ ಎಂದು ಸನ್ನೆ ಮಾಡಿದರು.

ನನಗೆ ನಗು ಬಂತು. "ಖಾದರಣ್ಣ, ಕಸಾ ಹೊಡದದ್ದು, ತಿಕ್ಕಿದ್ದು ಎಲ್ಲಾ ವಹಿಯಾಗ ಬರೀತಾರ ನೋಡ್ರಿ ಇವರು. ಇದನ್ನ ಯಾರರ ಬರೀತಾರೇನು?"

ಹುಣಸೆಹಣ್ಣು ಎಂದು ಬರೆಯಲು ಹೋದ ಪೆನ್ನು ಅರ್ಧಕ್ಕೇ ನಿಂತಿತು.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಿಲ್ಲೆಯ ಮೇಲಿನ ತಾಮ್ರವೂ ರಾತ್ರಿ ಬೆಳಗಾಗುವುದರಲ್ಲಿ ಕರಿ ಹಿಡಿಯುತ್ತಿತ್ತು. ಮುಂಜಾನೆ ಮುಸುರೆ ತಿಕ್ಕುವಾಗ ಚರಿಗೆ, ತಂಬಿಗೆ, ದೇವರ ಸಾಮಾನಿನ ಜೊತೆ ಅದನ್ನೂ ತಿಕ್ಕಿ ಇಡುತ್ತಿದ್ದೆ. ಹುಣಸೆಹಣ್ಣಿನಿಂದಲೇ. ಇವರು ಆ ಹೊತ್ತಿಗೆ ವಾಯುವಿಹಾರಕ್ಕೆ ಹೋಗಿರುತ್ತಿದ್ದರು. ಬೇರೆ ನೀರಿನಲ್ಲಿ ಜಾಲಿಸುತ್ತಲೂ ಇರಲಿಲ್ಲ. ನಾಲ್ಕು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಬಿಲ್ಲೆಗೆಂದು ಒಂದು ತಂಬಿಗೆ ಯಾರು ಚೆಲ್ಲುತ್ತಾರೆ? ತಿಕ್ಕಿದ್ದನ್ನು ಹಾಗೇ ಹೊಳೆನೀರಿನ ಜಾಡಿಯಲ್ಲಿ ಅದ್ದಿ ಬಿಡುತ್ತಿದ್ದೆ. ಏಳು ವರ್ಷ. ನೊಣ ಕುಳಿತಿದ್ದನ್ನೂ ಬರೆದಿದ್ದೇನೆ. ಇದನ್ನು ಬರೆದಿಲ್ಲ. ಹೊರಟ ದಿನ ಮಾಡಿದ ಕೆಲಸಗಳಲ್ಲೂ ಮುಸುರೆ ತಿಕ್ಕಿದ್ದು ಇಲ್ಲ, ಬೇಕಾದರೆ ಮೇಲೆ ನೋಡಿಕೊಳ್ಳಿ.

ಖಾದರಸಾಬರಿಗೆ ಹೇಳಿದೆ. ಅವರು ಬಕೆಟ್ ಕೆಳಗಿಟ್ಟು, "ಏಳು ವರ್ಷ ದಿನಾ ತಿಕ್ಕೀರಿ. ಆದರೂ ಹೋಗಿಲ್ಲ ನೋಡ್ರಿ" ಎಂದರು. ಅವರಿಗೆ ಮೊದಲು ಕಂಡದ್ದು ಅದು.

"ಅದಲ್ಲ ಖಾದರಣ್ಣ. ಹೇಳಿದ್ರ ಇವರು ಬರೀ ನೀರಿಂದ ಬಂತು ಅಂದದ್ದು ತಪ್ಪಾಗತೈತಿ. ಹೇಳಲಿಲ್ಲಂದ್ರ ಸುಳ್ಳ ಆಗತೈತಿ. ಎರಡರಾಗ ಯಾವುದು ಕಡಿಮಿ?"

ಅವರು ಕಂಬಿಯಲ್ಲಿ ತಮ್ಮ ಮುಖ ನೋಡಿಕೊಂಡರು. "ತೂತ ಬಿದ್ದ ಪಾತ್ರಿ ತಂದ್ರ ನಾ ಗಿರಾಕಿಗೆ ಮೊದಲ ತೂತ ತೋರಸ್ತೀನ್ರಿ. ಆಮ್ಯಾಲ ಕಲಾಯಿ. ಮುಚ್ಚಿ ಕೊಟ್ರ ಎರಡ ದಿನಕ್ಕ ಅವನ ಒಲಿ ಆರತೈತಿ."

ವಹಿಯಲ್ಲಿ ಹುಣಸೆಹಣ್ಣು ಎಂದು ಪೂರ್ತಿ ಬರೆದು ಸಹಿ ಮಾಡಿದೆ. ಎಲ್ಜಾಬಾಯಿ ಕನ್ನಡ ಅಕ್ಷರಗಳನ್ನು ನೋಡಿ, ಅದರ ಕೆಳಗೆ ಒಂದು ಗೆರೆ ಎಳೆದರು.

ಗುರುವಾರ: ಪ್ರಯೋಗಾಲಯಕ್ಕೆ ಹೋಗುವ ದಾರಿ

ಗುರುವಾರ ಮುಂಜಾನೆ ನಡೆಯುತ್ತ ಹೇಳಿದೆ. ಇವರು ರಸ್ತೆ ದಾಟುತ್ತಿದ್ದವರು ನಡುವೆಯೇ ನಿಂತರು. ಅಲ್ಲಿಯ ಮೋಟಾರುಗಳು ಹಾರ್ನು ಹೊಡೆಯುವುದಿಲ್ಲ. ನಾಲ್ಕು ಮೋಟಾರು ಬಂದು ಸಾಲಾಗಿ ನಿಂತು ಕಾಯ್ದವು.

"ದಿನಾ ತಿಕ್ಕತಿದ್ದೇನ?"

"ದಿನಾ."

"ಒಂದ ದಿನಾನೂ ಬಿಟ್ಟಿಲ್ಲ?"

"ದೀಪಾವಳ್ಯಾಗ ಎರಡ ಸಲ."

"ಆವತ್ತ ಗುಳ್ಳಿ ಜಾಸ್ತಿ ಬಂದಿದ್ವು," ಎಂದರು ಇವರು ಮೆಲ್ಲಗೆ. "ಪ್ರತಿ ವರ್ಷ ದೀಪಾವಳ್ಯಾಗ ಜಾಸ್ತಿ. ನಾ ಅದನ್ನ ಚಳಿಗಾಲದ ಸ್ವಚ್ಛ ಆಕಾಶದಿಂದ ಅಂತ ಎರಡ ಪುಟ ಬರದೀನಿ." ಆಮೇಲೆ ನನ್ನ ಕಡೆ ತಿರುಗಿ, "ಯಾಕ ಬರೀಲಿಲ್ಲ ನೀ?"

"ಮುಸುರಿ ತಿಕ್ಕಿದ್ದ ಯಾರ ಬರೀತಾರ್ರಿ? ನೀವು ಎಂದರ ಕೇಳೀರೇನು?"

ಖಾದರಸಾಬರು ಇಬ್ಬರನ್ನೂ ತೋಳು ಹಿಡಿದು ರಸ್ತೆ ದಾಟಿಸಿ, ನಿಂತಿದ್ದ ಮೋಟಾರುಗಳಿಗೆ ಕೈಮುಗಿದರು.

ಪ್ರೊಫೆಸರರಿಗೆ ಇವರು ಎಲ್ಲವನ್ನೂ ಹೇಳಿದರು, ಅರ್ಧ ಅಲ್ಲ, ಪೂರ್ತಿ. ಅವರು ನಗಲಿಲ್ಲ. ನನಗೆ ಒಂದು ಬಟ್ಟಲು, ಒಂದು ಮೊಳ ಜಾಗ ಕೊಟ್ಟು, ಮನೆಯಲ್ಲಿ ಹೇಗೋ ಹಾಗೇ ಮಾಡಿ ಎಂದರು. ಏಳೆಂಟು ಜನ ಬಿಳಿ ಕೋಟಿನವರ ನಡುವೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಿಲ್ಲೆ ತಿಕ್ಕಿದೆ. ಜಾಲಿಸದೆ ಜಾಡಿಯಲ್ಲಿ ಇಳಿಬಿಟ್ಟೆ. ಗುಂಡಿ ಒತ್ತಿದರು. ಸೂರ್ಯ ಬಂದ.

ನನ್ನ ಕೈಗೆ ಇನ್ನೂ ಹುಣಸೆ ಮೆತ್ತಿತ್ತು. ಇವರೇ ಎಣಿಸಿದರು. ನಿಮಿಷಕ್ಕೆ ಹದಿನೆಂಟು.

ಆಮೇಲೆ ಅವರು ತಮ್ಮದೇ ಬಿಲ್ಲೆಗಳಿಂದ ದಿನವಿಡೀ ನೋಡಿದರು. ಹುಣಸೆ ಇದ್ದರೆ ಗುಳ್ಳೆ, ಇಲ್ಲದಿದ್ದರೆ ಇಲ್ಲ. ಹುಣಸೆ ಇದ್ದು ಕಂಬಳಿ ಮುಚ್ಚಿದರೂ ಇಲ್ಲ. ಕಾರಣವನ್ನು ಇವರು ನನಗೆ ಮದುವೆ ಮನೆಯ ಬಡಿಸುವವರನ್ನೇ ಇಟ್ಟುಕೊಂಡು ಹೇಳಿದರು: ಬೆಳಕು ಎಬ್ಬಿಸುತ್ತದೆ, ಮಿಶ್ರಲೋಹ ಬಡಿಸುತ್ತದೆ, ಅದು ಸರಿಯೇ. ಆದರೆ ಅಡುಗೆಗೆ ಏನಾದರೂ ಸುಡಲೇಬೇಕಲ್ಲ. ಹುಣಸೆಯ ಹುಳಿ ತಾನು ಸುಟ್ಟುಹೋಗಿ ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ. ಬರೀ ನೀರಿಂದಲ್ಲ. ಆ ಕೊನೆಯ ಮಾತನ್ನು ಹೇಳುವಾಗ ಇವರ ದನಿ ಸಣ್ಣದಾಯಿತು.

ಶುಕ್ರವಾರ: ಹದಿನೈದು ಜನ

ಶುಕ್ರವಾರ ಹದಿನೈದು ವಿಜ್ಞಾನಿಗಳು ಬಂದರು. ನಾನು ತಿಕ್ಕಿ ಇಟ್ಟ ಬಿಲ್ಲೆಯಿಂದ ಅವರೆದುರೂ ನಿಮಿಷಕ್ಕೆ ಹದಿನೆಂಟು ಗುಳ್ಳೆ ಎದ್ದವು. ಇವರು ಊರಿಂದ ತಂದ ಭಾಷಣ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ನಿಂತುಕೊಂಡು ಹೇಳಿದ್ದನ್ನು ಆಮೇಲೆ ನನಗೆ ತಿಳಿಸಿದರು: ನಾನು ತಪ್ಪು ಬರೆದಿದ್ದೆ, ಸುಳ್ಳು ಬರೆದಿರಲಿಲ್ಲ. ನನ್ನ ಹೆಂಡತಿ ದಿನಾಲೂ ಒಂದು ಕೆಲಸ ಮಾಡುತ್ತಿದ್ದಳು, ನಾನು ಏಳು ವರ್ಷ ಅದನ್ನು ನೋಡಲಿಲ್ಲ. ಹಳೆಯ ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೊಸದರಲ್ಲಿ ಮೊದಲ ಹೆಸರು ಅವಳದು.

ಹದಿನೈದು ಜನರೂ ಮೇಜಿನ ಮೇಲೆ ಗೆಣ್ಣಿನಿಂದ ಕುಟ್ಟತೊಡಗಿದರು. ಹೊರಗೆ ಹಾಕುತ್ತಾರೆಂದು ನಾನು ಗಂಟು ಎತ್ತಿಕೊಂಡೆ. ಅಲ್ಲಿ ಚಪ್ಪಾಳೆಯ ಬದಲು ಹಾಗೆ ಕುಟ್ಟುತ್ತಾರಂತೆ.

ಊಟದ ಹೊತ್ತಿಗೆ ಇವರು ಕರಿಹಲಗೆಯ ಮೇಲೆ ಒಂದು ಲೆಕ್ಕ ಮಾಡಿದರು. "ಒಂದ ಕಪ್ ಚಹಾಕ್ಕ ನಿನ್ನ ತವರಿನ ಗಿಡದ್ದು ಒಂದ ಬುಟ್ಟಿ ಹುಣಸಿಹಣ್ಣ ಬೇಕಾಗತೈತಿ."

"ಅಷ್ಟರಾಗ ವರ್ಷದ ಸಾರ ಆಗತೈತ್ರಿ," ಎಂದೆ.

ಇವರು ನಕ್ಕರು. ಕಾಗದ ಬಂದ ಮೇಲೆ ಅದೇ ಮೊದಲ ನಗು. ಹುಣಸೆಯ ಬದಲು ಹೊಲದಲ್ಲಿ ಕೊಳೆತು ಹೋಗುವ ಇನ್ನೇನಾದರೂ ಆದೀತೇ ನೋಡೋಣ ಎಂದು ಪ್ರೊಫೆಸರರು ಅಂದರಂತೆ. ಆ ಲೆಕ್ಕ ಇನ್ನೂ ನಡೆದಿದೆ.

ಎರಡು ದಿನ ಕೊಳವೆಗಳಲ್ಲಿ ಕೂಡಿಟ್ಟಿದ್ದ ಹೈಡ್ರೋಜನ್ ಚಹಾಕ್ಕೆ ಸಾಲುವಂತಿರಲಿಲ್ಲ. ಒಂದು ಹಪ್ಪಳ ಸುಡೋಣವೆಂದು ಖಾದರಸಾಬರು ಸೂಚಿಸಿದರು. ಪ್ರೊಫೆಸರರು ಸಣ್ಣ ಬಾಯಿಯ ನಳಿಕೆಗೆ ಕಡ್ಡಿ ಗೀರಿ ಹಿಡಿದರು. ಆ ಉರಿ ಕಣ್ಣಿಗೆ ಕಾಣುವುದಿಲ್ಲ. ಖಾದರಸಾಬರು "ಉರಿ ಎಲ್ಲೈತ್ರಿ ಸರ?" ಎಂದು ಬಗ್ಗಿ ನೋಡಿದ್ದರಿಂದ ಮೀಸೆಯ ಎಡಗಡೆಯ ತುದಿ ಕರಕಲಾಯಿತು. ನಾನು ಹಪ್ಪಳ ಹಿಡಿದೆ. ಖಾಲಿ ಗಾಳಿಯ ಮೇಲೆ ಅದು ಬೊಕ್ಕೆ ಎದ್ದು, ಬೆಳ್ಳಗಾಗಿ, ಅಂಚು ಕೆಂಪಾಯಿತು. ಅರ್ಧ ಸುಟ್ಟಿತ್ತು, ಗ್ಯಾಸ್ ತೀರಿತು. ಸುಟ್ಟ ಅರ್ಧವನ್ನು ಹದಿನೆಂಟು ಪಾಲು ಮಾಡಿ ಹಂಚಿದೆ, ಪ್ರೊಫೆಸರರಿಗೂ ಉಳಿಯಲೆಂದು ನನ್ನ ಪಾಲು ಬಿಟ್ಟೆ. ಅವರು ಕಣ್ಣು ಮುಚ್ಚಿ ಅಗಿದರು.

ಸಂಜೆ ಎಂಟೂವರೆಗೂ ಅಲ್ಲಿ ಬಿಸಿಲೇ. ಎಲ್ಜಾಬಾಯಿಯ ಅಡುಗೆಮನೆಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಉಳಿದ ಹುಣಸೆಯ ಸಾರು ಉಂಡೆವು. ಅವರೂ ನಮ್ಮ ಜೊತೆ ಬಿಸಿ ಸಾರು ಕುಡಿದರು. ಕೆಮ್ಮು ಬಂತು, ಮತ್ತೆ ಕೇಳಿದರು. ಆಮೇಲೆ ವಹಿ ತೆಗೆದು ಬರೆದೆ: ಶುಕ್ರವಾರ. ಗುಳ್ಳೆ ಹದಿನೆಂಟು. ಹಪ್ಪಳ ಅರ್ಧ. ಪಾತ್ರೆ ತಿಕ್ಕಿದೆ. ಇವರು ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿ, ಏನೋ ಹೇಳಬೇಕೆಂದು ಕೂತರು. ಹೇಳುವುದರೊಳಗೆ, ಕಿಟಕಿಯ ಬಿಸಿಲು ಮುಖದ ಮೇಲೆ ಇದ್ದ ಹಾಗೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದರು.